ಅಂಗಿಯ ಕಿಸೆಯಲ್ಲಿ ಉಪ್ಪು

ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತವರು ಉಪ್ಪು ಕೇಳುವ ಹಾಗಿರಲಿಲ್ಲ. ಸೊಸೆಯಾಗಿ ಬೈಲಹೊಂಗಲಕ್ಕೆ ಬಂದ ಹೊಸದರಲ್ಲೇ ನಾನು ಮಾಡಿಟ್ಟ ಕಾಯ್ದೆ ಅದು. ನನ್ನ ಕೈಯಳತೆಯ ಮೇಲೆ ನನಗೆ ಅಷ್ಟು ಸೊಕ್ಕು. ಒಮ್ಮೆ ನನ್ನ ಗಂಡ ಬೇಳೆಗೆ ಚಿಟಿಕೆ ಉಪ್ಪು ಬೇಕಿತ್ತು ಅಂದದ್ದಕ್ಕೆ, ನಾಳೆಯಿಂದ ನೀವೇ ಒಲೆ ಮುಂದೆ ಕೂಡ್ರಿ ಎಂದು ತಾಟನ್ನೇ ಎಳೆದುಕೊಂಡಿದ್ದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ಅವತ್ತಿನಿಂದ ಉಪ್ಪಿನ ಡಬ್ಬಿ ಅಡುಗೆ ಕಟ್ಟೆ ಬಿಟ್ಟು ಊಟದ ಜಾಗಕ್ಕೆ ಬಂದದ್ದಿಲ್ಲ.

ನನ್ನ ಬಾಯಿ ದೊಡ್ಡದು ಅನ್ನುವುದು ಓಣಿಗೆಲ್ಲ ಗೊತ್ತು. ನೀರು ಬಿಡುವವನು ತಡಮಾಡಿದರೆ ಬೈಯುತ್ತೇನೆ, ತೂಕದಲ್ಲಿ ಕೈ ಆಡಿಸುವ ತರಕಾರಿಯವಳನ್ನು ಬೈಯುತ್ತೇನೆ, ಮೋಟಾರು ವೈಂಡಿಂಗ್ ಅಂಗಡಿಯಿಂದ ಗ್ರೀಸಿನ ಕೈಯಲ್ಲೇ ಬಂದು ಬಾಗಿಲು ಮುಟ್ಟುವ ಗಂಡನನ್ನಂತೂ ದಿನಾ ಬೈಯುತ್ತೇನೆ. ಹೋದ ವರ್ಷದ ಮಳೆಗಾಲದಲ್ಲಿ ಆ ಬಾಯಿ ನಿಂತುಹೋಯಿತು.

ಏನೂ ಆಗಿರಲಿಲ್ಲ, ಕಷ್ಟ ಇದ್ದದ್ದೇ ಅಲ್ಲಿ. ಮಗಳು ರಾಮದುರ್ಗದಲ್ಲಿ ಸುಖವಾಗಿದ್ದಳು, ಅಂಗಡಿ ನಡೆಯುತ್ತಿತ್ತು, ನೆತ್ತಿಯ ಮೇಲೆ ಸೂರು ಸೋರುತ್ತಿರಲಿಲ್ಲ. ನಿನಗೇನು ಕಡಿಮೆ ಆಗಿದೆ ಎಂದು ಬಂದವರೆಲ್ಲ ಕೇಳುವರು. ಕಡಿಮೆ ಆದದ್ದು ನಾನೇ ಎಂದು ಹೇಳುವುದಕ್ಕೆ ನನಗೆ ಆಗ ಬರಲಿಲ್ಲ. ಬೆಳಗ್ಗೆ ಏಳುವುದು ಬೇಡ ಅನಿಸುತ್ತಿತ್ತು, ಎದ್ದ ಮೇಲೆ ಯಾಕೆ ಎದ್ದೆ ಅನಿಸುತ್ತಿತ್ತು. ಕೈಗಳು ರೂಢಿಯ ಮೇಲೆ ರೊಟ್ಟಿ ಬಡಿಯುತ್ತಿದ್ದವು. ಯಾರಾದರೂ ಮಾತಾಡಿಸಿದರೆ ಕಾರಣವಿಲ್ಲದೆ ಕಣ್ಣು ತುಂಬುತ್ತಿತ್ತು. ನನಗೆ ನನ್ನದೇ ಭಯವಾಗಿತ್ತು, ಇನ್ನು ಹೀಗೇ ಇದ್ದುಬಿಡುತ್ತೇನೇನೋ ಎಂದು.

ಗಂಡ ಒಂದು ದಿನ ಅಂಗಡಿ ಮುಚ್ಚಿ ಬೆಳಗಾವಿಯ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಗುಳಿಗೆ ಬರೆದುಕೊಟ್ಟು, ಜೊತೆಗೆ ಇನ್ನೊಂದು ಮಾಡಿ ಅಂದಳು. ಪಾತ್ರೆ ತೊಳೆಯುವಾಗ ಪಾತ್ರೆಯನ್ನೇ ತೊಳೆಯಬೇಕು. ನೀರು ತಣ್ಣಗಿದೆಯೋ, ಜಿಡ್ಡು ಹೋಯಿತೋ, ಅದಷ್ಟೇ ನೋಡಬೇಕು. ಉಣ್ಣುವಾಗ ಉಣ್ಣಬೇಕು. ಮನಸ್ಸು ಎತ್ತಲೋ ಹೋದರೆ ಬೈಯದೆ ವಾಪಸು ಕರೆದುಕೊಂಡು ಬರಬೇಕು. ಬೈಯದೆ ಯಾರನ್ನೂ ಎಲ್ಲಿಂದಲೂ ಕರೆತಂದು ನನಗೆ ರೂಢಿಯಿಲ್ಲ. ಇದನ್ನು ಹೇಳಲಿಕ್ಕೆ ಇಷ್ಟು ಓದಬೇಕಿತ್ತೇ ಎಂದೂ ಅನಿಸಿತು. ಆದರೆ ನನ್ನ ಗಂಡ ಸಾಲಿ ಹುಡುಗನ ಹಾಗೆ ಗೋಣು ಹಾಕುತ್ತ ಕೇಳಿದರು. ತಾಮ್ರದ ತಂತಿ ಸುತ್ತುವಾಗ ಲಕ್ಷ್ಯ ತಪ್ಪಿದರೆ ಮೋಟಾರು ಸುಟ್ಟುಹೋಗುತ್ತದೆ, ಹಾಗೇ ಅಲ್ಲವೇ ಎಂದು ಅವಳನ್ನೇ ಕೇಳಿ, ಅವಳು ಹೌದು ಅಂದಾಗ ನನ್ನ ಕಡೆ ಹೆಮ್ಮೆಯಿಂದ ನೋಡಿದರು.

ಮನೆಗೆ ಬಂದವರೇ ಇನ್ಸ್‌ಪೆಕ್ಟರರಾದರು. ನಾನು ಕಸ ಹೊಡೆಯುತ್ತಿದ್ದರೆ ಬಾಗಿಲಲ್ಲಿ ನಿಂತು, ಲಕ್ಷ್ಯ ಎಲ್ಲಿದೆ ಎಂದು ಕೇಳುವರು. ಇಲ್ಲೇ ಎಂದು ಸುಳ್ಳು ಹೇಳುತ್ತಿದ್ದೆ. ಅತ್ತೆ ಚಚಡಿ ಹಳ್ಳಿಯ ಕಡೆಯವರು, ಅವರ ದಾರಿ ಬೇರೆ. ಜೋಳ ತುಂಬಿದ ಮೊರವನ್ನು ನನ್ನ ಮುಂದೆ ತಂದಿಟ್ಟು, ನನಗೆ ಕಣ್ಣು ಕಾಣುವುದಿಲ್ಲ, ಹರಳು ನೀನೇ ಆರಿಸು ಅನ್ನುವರು. ಎಷ್ಟೋ ದಿನ ಆರಿಸಿದೆ. ಹೆಚ್ಚಿನ ದಿನ ಏನೂ ಆಗಲಿಲ್ಲ. ಎಂದೋ ಒಮ್ಮೆ, ಒಂದು ಗಳಿಗೆ, ಬೆರಳ ತುದಿಯಲ್ಲಿ ಕಾಳು ನುಣ್ಣಗೆ ಜಾರಿದ್ದು ಗೊತ್ತಾಗುತ್ತಿತ್ತು. ಮತ್ತೆ ಮಬ್ಬು ಕವಿಯುತ್ತಿತ್ತು.

ಒಂದು ಬೆಳಗ್ಗೆ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದೆ. ಡಾಕ್ಟರಮ್ಮನ ಮಾತಿನ ಪ್ರಕಾರ, ನೀರಿಗೆ ಹಾಕುವ ಮೊದಲು ಒಂದೊಂದು ಅಂಗಿಯನ್ನೇ ನೋಡುತ್ತಿದ್ದೆ: ಕಾಲರಿನ ಕೊಳೆ, ತೋಳಿನ ಗ್ರೀಸು, ಕಿಸೆ. ಕಿಸೆಯೊಳಗೆ ಬೆರಳಿಗೆ ಹರಳು ಹರಳು ತಾಗಿತು. ತಂತಿ ಚೂರಿರಬೇಕೆಂದು ಕಿಸೆಯನ್ನು ಹೊರಕ್ಕೆ ಮಗುಚಿದೆ. ಬಿಳಿ ಪುಡಿ. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪು. ಅದರ ಕೆಳಗಿದ್ದ ಇನ್ನೊಂದು ಅಂಗಿಯ ಕಿಸೆಯಲ್ಲೂ ಉಪ್ಪು. ಮೋಟಾರು ರಿಪೇರಿಗೆ ಉಪ್ಪು ಯಾಕೆ ಬೇಕು ಎಂದು ಯೋಚಿಸಿದೆ, ಕೇಳುವಷ್ಟು ಹುರುಪು ಬರಲಿಲ್ಲ, ಬಟ್ಟೆ ಒಗೆದು ಹಿಂಡಿ ಹಾಕಿದೆ.

ಮಧ್ಯಾಹ್ನ ಮೂವರೂ ಊಟಕ್ಕೆ ಕುಳಿತೆವು. ರೊಟ್ಟಿ, ಪುಂಡಿಪಲ್ಯ, ಬೇಳೆ. ಉಣ್ಣುವಾಗ ಉಣ್ಣಬೇಕು ಎಂದು ನೆನಪು ಮಾಡಿಕೊಂಡು ಮೊದಲ ತುತ್ತನ್ನು ನಿಧಾನ ಅಗಿದೆ. ಬರೀ ಹುಳಿ, ಹಲ್ಲು ಚುಳ್ ಅಂದವು. ಪಲ್ಯಕ್ಕೆ ಉಪ್ಪೇ ಇರಲಿಲ್ಲ. ಬೇಳೆಗೂ ಇರಲಿಲ್ಲ. ಮುಖ ಎತ್ತಿ ನೋಡಿದೆ.

ನನ್ನ ಗಂಡ ಎದೆ ಕೆರೆದುಕೊಳ್ಳುವವರ ಹಾಗೆ ಕಿಸೆಯೊಳಗೆ ಎರಡು ಬೆರಳು ಇಳಿಸಿ, ತಾಟಿನ ಮೇಲೆ ಉದುರಿಸಿದರು. ಅತ್ತೆ ಮೂಗು ಒರೆಸಿಕೊಳ್ಳುವ ನೆಪದಲ್ಲಿ ಸೆರಗಿನ ಗಂಟು ಸಡಿಲಿಸಿ, ಚಿಟಿಕೆ ತೆಗೆದು, ಮತ್ತೆ ಗಂಟು ಬಿಗಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೈಗೆ ಅಷ್ಟು ರೂಢಿಯಾಗಿತ್ತು.

ಎಷ್ಟು ದಿನದಿಂದ ಎಂದು ಕೇಳಿದೆ. ಇಬ್ಬರ ಕೈಗಳೂ ನಿಂತವು. ಸಿಕ್ಕಿಬಿದ್ದ ಹುಡುಗರ ಹಾಗೆ ನೆಲ ನೋಡಿದರು. ಕಡೆಗೆ ಅತ್ತೆ, ಮಾನೌಮಿಯಿಂದ ಎಂದರು. ಅಂದರೆ ದೀಪಾವಳಿಯೂ ಉಪ್ಪಿಲ್ಲದೆ ಆಗಿಹೋಗಿತ್ತು. ದಿನಾ ಅಲ್ಲ, ಕೆಲವು ದಿನ ನೆನಪಿರುತ್ತಿತ್ತು ನಿನಗೆ ಎಂದು ಗಂಡ ನನ್ನ ಮಾನ ಉಳಿಸಲು ನೋಡಿದರು. ಹೇಳಬಾರದಿತ್ತೇ ಅಂದೆ. ಅವರು ತಾಟಿನ ಅಂಚು ಸವರುತ್ತ ಹೇಳಿದರು:

‘ಮೊದಲ ಉಪ್ಪು ಕೇಳಿದ್ರ ನೀ ಬೈತಿದ್ದಿ. ಈಗ ಕೇಳಿದ್ರ ಅಳ್ತಿ. ಬೈಸ್ಕೊಳ್ಳೋದು ನಮಗ ರೂಢಿ ಐತಿ. ನೀ ಅಳೋದು ನೋಡಾಕ ಆಗಂಗಿಲ್ಲ.’

ಅಳು ಬರುತ್ತದೆ ಎಂದುಕೊಂಡೆ, ಬಂದದ್ದು ಸಿಟ್ಟು. ಎಷ್ಟೋ ತಿಂಗಳ ಮೇಲೆ ಬಂದ, ನನ್ನದೇ ಸಿಟ್ಟು. ಬೈದೆ ನೋಡಿ! ದೇವರು ನಿಮಗೆ ಬಾಯಿ ಯಾತಕ್ಕೆ ಕೊಟ್ಟಿದ್ದಾನೆ, ಗ್ರೀಸಿನ ಕಿಸೆಯ ಉಪ್ಪು ತಿಂದು ಹೊಟ್ಟೆ ಕೆಟ್ಟರೆ ಯಾರು ನೋಡುತ್ತಾರೆ ಎಂದು ಅವರನ್ನು ಝಾಡಿಸಿದೆ. ಬಿ.ಪಿ. ಇದೆ, ಉಪ್ಪು ಕಡಿಮೆ ಮಾಡಿ ಎಂದು ಹೇಳಿದ್ದರೂ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುತ್ತೀರಲ್ಲ ಎಂದು ಅತ್ತೆಯನ್ನೂ ಬಿಡಲಿಲ್ಲ. ನನ್ನ ದನಿ ಓಣಿಯ ಆ ತುದಿಗೆ ಕೇಳಿರಬೇಕು. ಪಕ್ಕದ ಮನೆಯ ಬೂಬೂ ಕಾಂಪೌಂಡಿನ ಮೇಲಿಂದ ಇಣುಕಿ, ನಕ್ಕು, ಒಳಗೆ ಹೋದಳು.

ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಅತ್ತೆ ಮಗನ ಮೊಣಕೈ ತಿವಿದು ಮೆಲ್ಲಗೆ ಅಂದರು: ‘ಬಂದ್ಳಪಾ ನಮ್ಮಾಕಿ.’

ಗಂಡ ತಲೆ ಎತ್ತಲಿಲ್ಲ. ತಾಟಿನ ಪಲ್ಯವನ್ನು ಗಬಗಬ ಉಣ್ಣುತ್ತಿದ್ದರು. ಕಣ್ಣೀರು ಮೂಗಿನ ಗುಂಟ ಇಳಿಯುತ್ತಿತ್ತು. ಇಷ್ಟು ದಿನ ನನಗೊಬ್ಬಳಿಗೇ ಭಯ ಎಂದುಕೊಂಡಿದ್ದೆನಲ್ಲ ಅನಿಸಿ ಅವರ ಮೇಲೆ ಪ್ರೀತಿ ಉಕ್ಕಿ ಬಂತು, ಇನ್ನೊಂದು ರೊಟ್ಟಿ ಹಾಕಿದೆ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಗುಳಿಗೆ ಇನ್ನೂ ಕೆಲವು ತಿಂಗಳು ನುಂಗಿದೆ. ಮಬ್ಬು ಈಗಲೂ ನಡುನಡುವೆ ಬರುತ್ತದೆ. ಬಂದಾಗ ಪಾತ್ರೆಯ ಮುಂದೆ, ಬಟ್ಟೆಯ ಮುಂದೆ ಕೂತು, ಕೈಯಲ್ಲಿದ್ದುದನ್ನೇ ನೋಡುತ್ತೇನೆ. ಹಾಗೆ ನೋಡದೆ ಹೋಗಿದ್ದರೆ ಆ ಕಿಸೆ ನನಗೆ ಕಾಣುತ್ತಲೇ ಇರಲಿಲ್ಲ.

ನನ್ನ ಹಳೆಯ ಕಾಯ್ದೆಯನ್ನು ನಾನೇ ಮುರಿದೆ. ಉಪ್ಪಿನ ಡಬ್ಬಿ ಈಗ ಊಟಕ್ಕೆ ಕೂಡುವಾಗ ನಡುವೆ ಇರುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ, ತುತ್ತನ್ನೂ ಬಾಯಿಗಿಡುವುದಿಲ್ಲ. ಹಸಿದ ಗಂಡ, ಹಲ್ಲಿಲ್ಲದ ಅತ್ತೆ, ಇಬ್ಬರೂ ರೊಟ್ಟಿ ಮುರಿದು ಹಿಡಿದುಕೊಂಡು ನನ್ನ ಬಾಯಿಯನ್ನೇ ನೋಡುತ್ತ ಕೂತಿರುತ್ತಾರೆ. ನಾನು ಮೊದಲ ತುತ್ತು ತಿಂದು, ರುಚಿ ನೋಡಿ, ಸರಿ ಇದೆ ಅನ್ನಬೇಕು. ಆಮೇಲೇ ಅವರು ಉಣ್ಣುತ್ತಾರೆ.