ಲೊರೆಶೋದ ಕಮಾಂಡರ್

ಸಮತಟ್ಟಾದ ಹುಲ್ಲಿನ ಮೇಲೂ ಅವರು ಕಾಲು ಅಗಲಿಸಿಯೇ ನಿಲ್ಲುತ್ತಿದ್ದರು, ನೆಲ ಈಗಲೋ ಆಗಲೋ ವಾಲಿಬಿಡುತ್ತದೆ ಎಂಬಂತೆ. ಪಾರ್ಶ್ವವಾಯು ಹೊಡೆದು ಎಡಗೈ ಸೋತಿತ್ತು. ಆದರೂ ಬಿಳಿ ಅಂಗಿಯ ಗುಂಡಿಗಳನ್ನು ಬಲಗೈ ಒಂದರಿಂದಲೇ ಕತ್ತಿನವರೆಗೂ ಹಾಕಿಕೊಳ್ಳುತ್ತಿದ್ದರು. ಸಹಾಯಕ್ಕೆ ಹೋದವರನ್ನು ಒಮ್ಮೆ ನೋಡಿದರೆ ಸಾಕು, ಚಾಚಿದ ಕೈ ತಾನಾಗಿ ಹಿಂದೆ ಬರುತ್ತಿತ್ತು.

ಗಂಡನ ಬ್ಯಾಂಕ್ ಕೆಲಸದಿಂದಾಗಿ 2014ರಲ್ಲಿ ನೈರೋಬಿಗೆ ಬಂದ ನಾನು ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುತ್ತಿದ್ದೆ. ಲೊರೆಶೋ ಬಡಾವಣೆಯ ಅವರ ಮನೆಗೆ ವಾರಕ್ಕೆರಡು ಸಲ. ಅಡುಗೆಯವನು ಅವರನ್ನು ಮ್ಝೀ, ಅಂದರೆ ಹಿರಿಯರು, ಎನ್ನುತ್ತಿದ್ದ. ನನ್ನ ಮಟ್ಟಿಗೆ ಅವರು ಕಮಾಂಡರ್. ಒಂದು ಪುಟ್ಟ ದ್ವೀಪದೇಶದ ನೌಕಾಪಡೆಯಲ್ಲಿದ್ದವರು. ಅಲ್ಲಿ ಗಲಭೆಯೆದ್ದಾಗ ಹಡಗುಗಳನ್ನು ಬಂದರಿಗೆ ತಂದು ನಿಲ್ಲಿಸಿ ತಾವೇ ಅಧ್ಯಕ್ಷರಾದರು. ರಸ್ತೆ ಹಾಕಿಸಿದರು, ಆಸ್ಪತ್ರೆ ಕಟ್ಟಿಸಿದರು, ಎದುರಾಡಿದವರನ್ನು ಹಿಡಿಸಿದರು. ಕೊನೆಗೆ ತಮ್ಮದೇ ಸೇನೆ ತಿರುಗಿಬಿದ್ದು ಇಲ್ಲಿಗೆ ಓಡಿಬಂದಿದ್ದರು. ಹೆಂಡತಿ ತೀರಿಹೋಗಿದ್ದರು. ಮಗಳು ಇವರ ಫೋನ್ ಎತ್ತುತ್ತಿರಲಿಲ್ಲ.

ಹರೆಯದಲ್ಲಿ ಕೊಚ್ಚಿಯಲ್ಲಿ ತರಬೇತಿ ಪಡೆದವರಂತೆ. ನಾನು ಒಯ್ದ ಮೊಸರನ್ನ, ನಿಂಬೆ ಉಪ್ಪಿನಕಾಯಿಯನ್ನು ಕಣ್ಣುಮುಚ್ಚಿ ತಿನ್ನುತ್ತಿದ್ದರು. ತಿಂದಾದ ಮೇಲೆ, "ಹೋದ ಸಲದ ಕಥೆ ಅರ್ಧಕ್ಕೆ ನಿಂತಿದೆ, ಡಾಕ್ಟರ್. ನಿಮ್ಮ ಅಜ್ಜಿ ಮೈಸೂರಿಗೆ ಬಂದ ಮೇಲೆ ಏನಾಯಿತು?" ಎನ್ನುವರು. ಮನೆಯಲ್ಲಿ ಮಕ್ಕಳು ನನ್ನ ಕನ್ನಡಕ್ಕೆ ಇಂಗ್ಲಿಷಿನ ಒಂದು ಮಾತಿನಲ್ಲಿ ಉತ್ತರಿಸಿ ಎದ್ದುಹೋಗುತ್ತಿದ್ದ ದಿನಗಳವು. ನಾನು ಹೇಳುವುದನ್ನು ಪೂರ್ತಿ ಕೇಳುತ್ತಿದ್ದವರು ಆ ಊರಲ್ಲಿ ಅವರೊಬ್ಬರೇ.

ಒಂದು ಬೆಳಿಗ್ಗೆ ಅವರ ದೇಶದ ಹೆಂಗಸೊಬ್ಬರು ಹುಡುಕಿಕೊಂಡು ಬಂದರು. ನೈರೋಬಿಯದೇ ಹೈರಿಡ್ಜ್ ಬಡಾವಣೆಯ ಟೈಲರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು. ಆಕೆಯ ಗಂಡ ಶಾಲೆಯ ಮೇಷ್ಟ್ರಾಗಿದ್ದರು. ಕಮಾಂಡರರ ಆಳ್ವಿಕೆಯಲ್ಲಿ ನೌಕಾಪಡೆಯವರು ಅವರನ್ನು ಕರೆದೊಯ್ದಿದ್ದರು, ಮತ್ತೆ ಅವರು ಮನೆಗೆ ಮರಳಿರಲಿಲ್ಲ. ಕೂರಿ ಎಂದರೂ ಆಕೆ ಕೂರಲಿಲ್ಲ.

"ಜಗಳಕ್ಕೆ ಬಂದಿಲ್ಲ. ಅವರನ್ನು ಎಲ್ಲಿ ಹೂತಿರಿ, ಅಷ್ಟು ಹೇಳಿ."

"ಆಗ ದೇಶ ಮುಳುಗುವ ಹಡಗಾಗಿತ್ತು," ಎಂದರು ಕಮಾಂಡರ್. "ಉಳಿದವರನ್ನು ದಡ ಸೇರಿಸಬೇಕಿತ್ತು."

"ನಾನು ಹಡಗಿನ ವಿಷಯ ಕೇಳಲಿಲ್ಲ."

ಅವರು ಮುಖ ತಿರುಗಿಸಿದರು. ಆಕೆ ತನ್ನ ಅಂಗಡಿ ಎಲ್ಲಿದೆಯೆಂದು ನನಗೆ ಹೇಳಿ ಹೊರಟುಹೋದರು.

ಆಮೇಲೆ ಕಮಾಂಡರ್ ಮಾತು ಕಡಿಮೆ ಮಾಡಿದರು. ಎರಡನೇ ಸಲ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಾಗ, ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು, "ಬಂದರಿನ ದೀಪಸ್ತಂಭದ ಹಿಂದೆ, ಗೋಡೆಯ ಬುಡದಲ್ಲಿ. ಆಕೆಗೆ ಹೇಳಿಬಿಡಿ," ಎಂದರು.

"ನಾನು ಹೇಳುವುದಿಲ್ಲ, ಸರ್. ಕರೆದುಕೊಂಡು ಬರುತ್ತೇನೆ. ನೀವೇ ಹೇಳಿ."

"ಇದು ಆಜ್ಞೆ."

"ಇಲ್ಲಿ ನೀವು ಪೇಷೆಂಟ್."

ಕೊನೆಗೆ, ಆಗಲಿ ಎಂಬಂತೆ ತಲೆಯಾಡಿಸಿದರು.

ಮರುದಿನ ಆಕೆ ಬಂದರು. ಕಮಾಂಡರ್ ತೊದಲುತ್ತಾ ಜಾಗ ಹೇಳಿದರು. ಆಕೆ ಕದಲಲಿಲ್ಲ, ಇನ್ನೂ ಏನೋ ಬಾಕಿಯಿದೆ ಎಂಬಂತೆ ನಿಂತೇ ಇದ್ದರು. "ಆಜ್ಞೆ ಕೊಟ್ಟದ್ದು ನಾನೇ," ಎಂದರು ಇವರು. "ಬೇರೆ ಯಾರೂ ಅಲ್ಲ."

ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ತನ್ನ ಗಂಡ ಎಂಥವರಾಗಿದ್ದರು ಎಂದು ಹೇಳತೊಡಗಿದರು. ಲೆಕ್ಕ ಕಲಿಸುತ್ತಿದ್ದರು. ಸಮುದ್ರದ ದಂಡೆಯಲ್ಲೇ ಹುಟ್ಟಿದವರಾದರೂ ಮೀನಿನ ಮುಳ್ಳಿಗೆ ಹೆದರುತ್ತಿದ್ದರು. ಸಿಟ್ಟು ಬಂದರೆ ಅಂಗಳ ಗುಡಿಸುತ್ತಿದ್ದರು. ಕಮಾಂಡರರ ಕಣ್ಣಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ಒರೆಸಿಕೊಳ್ಳಲು ಈಗ ಬಲಗೈಯೂ ಏಳುತ್ತಿರಲಿಲ್ಲ. ನಾನು ಒರೆಸಲು ಹೋಗಲಿಲ್ಲ.

ಆ ತಿಂಗಳಲ್ಲೇ ತೀರಿಕೊಂಡರು. ದೇಹವನ್ನು ತರಕೂಡದು ಎಂದಿತು ಅವರ ದೇಶ. ಮಗಳು ಬರಲಿಲ್ಲ. ಸ್ಮಶಾನದಲ್ಲಿ ಪಾದ್ರಿ ಮುಂದೆ ನಡೆಯಲು ಸಿದ್ಧರಾಗಿದ್ದರು. ಪೆಟ್ಟಿಗೆ ಹೊರಲು ಅಡುಗೆಯವನು, ವ್ಯಾನಿನ ಚಾಲಕ, ನಾನು. ನಾಲ್ಕನೇ ಹೆಗಲಿಲ್ಲದೆ ಕಾಯುತ್ತಿದ್ದಾಗ ಮೇಷ್ಟ್ರ ಹೆಂಡತಿ ಗೇಟಿನ ಕಡೆಯಿಂದ ನಡೆದು ಬಂದು ಖಾಲಿ ಮೂಲೆಗೆ ಹೆಗಲು ಕೊಟ್ಟರು.

"ಇವರ ಮೇಲಿನ ಪ್ರೀತಿಗಲ್ಲ," ಎಂದರು, ನನ್ನ ಕಡೆ ನೋಡದೆ. "ನನ್ನವರನ್ನು ಹೊರಲು ಯಾರೂ ಇರಲಿಲ್ಲ."