ಸಣ್ಣ ತೂತಿಗೆ ದೊಡ್ಡ ಪಟ್ಟಿ

ಗೆಳೆಯರೇ, ಇವತ್ತು ಬೀದರಿನ ನಮ್ಮ ಆಸ್ಪತ್ರೆಯಲ್ಲಿ ನಾನು ಡಾಬಕಾ ಹಳ್ಳಿಯ ಸುಭದ್ರಾಬಾಯಿಯ ಹೊಲಿಗೆ ಬಿಚ್ಚಿದೆ. ಟ್ಯಾಂಕರ್ ನೀರಿನ ಕೊಡ ತಲೆಗೆತ್ತಿ ಎತ್ತಿ ಅವಳ ಭುಜದ ಸ್ನಾಯುರಜ್ಜು ಹರಿದಿತ್ತು. ಎರಡು ವಾರದ ಹಿಂದೆ ಮೂರು ಸಣ್ಣ ತೂತು ಮಾಡಿ, ದುರ್ಬೀನಿನ ಕೊಳವೆ ಹಾಕಿ ಒಳಗೆ ಹೊಲಿದಿದ್ದೆ.

"ಇನ್ನೂ ನಾಲ್ಕು ತಿಂಗಳು ಕೊಡ ಎತ್ತಬಾರದು" ಎಂದೆ.

ಅವಳ ಜೊತೆಗೆ ಬಂದಿದ್ದ ಅತ್ತೆ ಗಾಯ ನೋಡಿದರು. "ಮುಳ್ಳ ಚುಚ್ಚಿದಂಗ ಅದರಿ. ಇಷ್ಟಕ್ಕ ನಾಕು ತಿಂಗಳು ಯಾಕ್ರಿ? ಮಗ ಪುಣಾಕ ದುಡಿಲಾಕ ಹೋಗ್ಯಾನ, ನೀರು ಯಾರ ತರಬೇಕ್ರಿ?"

ಅವರು ಔಷಧಿ ತರಲು ಹೋದಾಗ ಸುಭದ್ರಾಬಾಯಿ ಮೆಲ್ಲಗೆ, "ದೊಡ್ಡ ಪಟ್ಟಿ ಕಟ್ರಿ ಸಾಹೇಬ್ರ. ಕಂಡರ ನಂಬ್ತಾರ್ರಿ" ಎಂದಳು.

ಭುಜದಿಂದ ಮೊಣಕೈವರೆಗೆ ಪಟ್ಟಿ ಸುತ್ತಿದೆ. ಮರಳಿ ಬಂದ ಅತ್ತೆ ಗಾಬರಿಯಾಗಿ ಸೊಸೆಯ ಕೈಯಿಂದ ಚೀಲ ಇಸಿದುಕೊಂಡರು.

ತೂತು ಸಣ್ಣದಾದಷ್ಟೂ ಒಳ್ಳೆಯದೆಂದು ಓದಿದ್ದೆ. ಊರಿಗೆ ಮರಳುವ ಭುಜಕ್ಕೆ ಪಟ್ಟಿ ದೊಡ್ಡದೇ ಇರಬೇಕೆಂದು ಇವತ್ತು ಕಲಿತೆ.