ಅತ್ತೆ ಕೊಟ್ಟ ಹಂಡೆ

ನಮ್ಮ ಮನೆಯಲ್ಲಿ ಹದಿನೈದು ದಿನದಿಂದ ರೇಡಿಯೋ ಬಾಯಿ ಮುಚ್ಚಿಲ್ಲ. ಮೊಮ್ಮಗನ ಹೊಸ ಹೆಂಡತಿ ಬೆಳಿಗ್ಗೆ ಎದ್ದವಳೇ ಅದರ ಕಿವಿ ತಿರುಗಿಸುತ್ತಾಳೆ. ಅವಳು ಅಡುಗೆಮನೆಯಲ್ಲಿದ್ದರೂ ಅದು ನಡುಮನೆಯಲ್ಲಿ ಒದರುತ್ತಲೇ ಇರುತ್ತದೆ. ಕೇಳುವವರಿಲ್ಲದ ಹಾಡು ಯಾಕೆ ಬೇಕು ಎಂದು ನಾನು ಇಡೀ ಮನೆಗೆ ಕೇಳಿಸುವಂತೆ ಗೊಣಗಿದ್ದೇನೆ. ನಿನ್ನೆ ಹಾಗೇ ಗೊಣಗುತ್ತ ಬಚ್ಚಲಿಗೆ ಹೋದರೆ ಮೂಲೆಯಲ್ಲಿ ನನ್ನ ತಾಮ್ರದ ಹಂಡೆ ಕಂಡಿತು. ತೂತು ಬಿದ್ದು ಎಷ್ಟೋ ವರ್ಷವಾಯಿತು, ಗುಜರಿಗೆ ಹಾಕಲು ನಾನು ಬಿಟ್ಟಿಲ್ಲ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ನಾನು ಜಗಳೂರು ಕಡೆಯ ಸೊಕ್ಕೆಯವಳು. ನಲವತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಗೆ ಬಂದೆ. ನಮ್ಮೂರಲ್ಲಿ ಬಾವಿಗೆ ಸರದಿ. ಪಾತ್ರೆ ತೊಳೆದ ನೀರು ಎಮ್ಮೆಗೆ, ಮುಖ ತೊಳೆದದ್ದು ಕುಂಬಳದ ಬಳ್ಳಿಗೆ. ಇಲ್ಲಿ ನೋಡಿದರೆ ಹಿತ್ತಲು ದಾಟಿದರೆ ಹೊಳೆ. ನಮ್ಮತ್ತೆ ಕಾಲಿಗೆ ಸುರಿದುಕೊಳ್ಳುತ್ತಿದ್ದ ನೀರಿನಲ್ಲಿ ನಮ್ಮೂರಲ್ಲಿ ಒಬ್ಬರ ಸ್ನಾನವೇ ಮುಗಿಯುತ್ತಿತ್ತು. ಸಂತೋಷಪಡಬೇಕಿತ್ತು, ಅಲ್ಲವೇ? ನನಗೆ ಹೆದರಿಕೆಯಾಯಿತು. ಇಷ್ಟು ನೀರು ನಾಳೆಯೂ ಇರುತ್ತದೆ ಎಂದು ಇವರಿಗೆ ಹೇಳಿದವರು ಯಾರು?

ಹೀಗಾಗಿ ಖಾಲಿ ಪಾತ್ರೆ ಕಂಡರೆ ಸಾಕು, ಹೊಳೆಯಿಂದ ತಂದು ತುಂಬಿಡುತ್ತಿದ್ದೆ. ಕೊಡ ತುಂಬಿತು, ಹಂಡೆ ತುಂಬಿತು, ಆಮೇಲೆ ಬೋಗುಣಿಗಳು. ಕೈ ತಾನಾಗಿಯೇ ಮಾಡುತ್ತಿತ್ತು. ಒಂದು ದಿನ ನ್ಯಾಮತಿಯಿಂದ ನೆಂಟರು ಬಂದರು. ಒಲೆಯ ಮೇಲೆ ಅನ್ನ ಬಸಿಯಲು ಕಾಯುತ್ತಿದೆ, ಎಲೆ ಹಾಕಿಯಾಗಿದೆ, ಬಡಿಸಲು ಒಂದು ಪಾತ್ರೆಯೂ ಖಾಲಿ ಇಲ್ಲ! ಅವರೊಂದಿಗೆ ಬಂದಿದ್ದ ಮಾವನ ತಂಗಿ ಅಡುಗೆಮನೆಗೆ ಇಣುಕಿದರು.

"ಏನ್ರೀ ಅತ್ತಿಗೆ, ಹೊಳಿ ಪಕ್ಕದಾಗೆ ಇಟ್ಕಂಡು ಬೋಗುಣಿಗೆಲ್ಲಾ ನೀರು ತುಂಬ್ಯಾಳಲ್ಲ ನಿಮ್ಮ ಸೊಸಿ! ತವರಿಗೆ ಕಳ್ಸಿ, ಕೆಲ್ಸ ಕಲ್ಸಾಕೆ ಹೇಳ್ರಿ."

ತವರು ಎಂಬ ಮಾತು ಕೇಳಿದ್ದೇ ಹತ್ತಿರದ ಬೋಗುಣಿಗೆ ಸೆರಗು ಮುಚ್ಚಿದೆ. ಹಾಗೆ ಕಳಿಸಿದ ಹುಡುಗಿಯರು ಮತ್ತೆ ಕರೆ ಬರದೆ ಉಳಿದದ್ದನ್ನು ನಮ್ಮೂರಲ್ಲೇ ನೋಡಿದ್ದೆ.

ಅತ್ತೆ ತಲೆ ಎತ್ತಲಿಲ್ಲ. "ಆಕೀದೇನೈತೆ ತಪ್ಪು? ನಾನೇ ತುಂಬಾಕೆ ಹೇಳಿ ಮರ್ತಿದ್ದೆ," ಎಂದು ಬೋಗುಣಿಯ ನೀರನ್ನು ಬಚ್ಚಲಿಗೆ ಚೆಲ್ಲಿದರು. ಅವರು ಹೇಳಿರಲಿಲ್ಲ. ನನ್ನ ಮೇಲೆ ಅವರಿಗೆ ಅಂಥ ಅಕ್ಕರೆ ಇದ್ದದ್ದೂ ನಾನು ಕಂಡಿರಲಿಲ್ಲ. ಇಡೀ ದಿನ ಬೈಗುಳಕ್ಕೆ ಕಾದೆ, ಬರಲೇ ಇಲ್ಲ.

ಮರುದಿನ ಬೆಳಿಗ್ಗೆ ಈ ಹಂಡೆಯನ್ನು ನನ್ನ ಕೋಣೆಯ ಬಾಗಿಲಿಗೆ ತಂದಿಟ್ಟರು.

"ಇದು ನಿಂದು. ತುಂಬಿಟ್ಕ. ಯಾರೂ ಮುಟ್ಟಲ್ಲ."

"ಹೊಳಿ ಐತಲ್ಲ ಅತ್ತಿ?" ಎಂದೆ, ದೊಡ್ಡ ತಿಳಿದವಳಂತೆ.

"ಐತೆ. ನಿಂಗೆ ನಂಬಿಕಿ ಬರೋತಂಕ ಇರ್ಲಿ."

ಅಂದೇ ಹೊಳೆಯಿಂದ ತಂದು ಹಂಡೆಯನ್ನು ಕಂಠದವರೆಗೆ ತುಂಬಿದೆ. ಯಾಕೆ ಹಾಗೆ ಸುಳ್ಳು ಹೇಳಿದಿರಿ ಎಂದು ಕೇಳಲು ಆಮೇಲೆ ವರ್ಷಗಟ್ಟಲೆ ಸಮಯವಿತ್ತು, ಕೇಳಲಿಲ್ಲ. ಹಂಡೆ ತುಂಬುವುದನ್ನು ಯಾವಾಗ ನಿಲ್ಲಿಸಿದೆನೋ, ಅದೂ ನೆನಪಿಲ್ಲ.

ಈಗ ರೇಡಿಯೋ ಹಚ್ಚುವ ಈ ಹುಡುಗಿ ಚನ್ನಗಿರಿಯ ಪೇಟೆ ಬೀದಿಯವಳು. ತವರಿನಲ್ಲಿ ದಿನವಿಡೀ ಜನ, ಮಾತು, ಗದ್ದಲ. ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಕೇಳಿಸುತ್ತದೆ. ಇಷ್ಟು ಹೊಳೆಯಲು ನನಗೆ ಹದಿನೈದು ದಿನ ಬೇಕಾಯಿತು, ನೋಡಿ.

ಇವತ್ತು ಮಧ್ಯಾಹ್ನ ಊಟಕ್ಕೆ ಬಂದ ಮಗ ರೇಗಿದ. "ಯಾರಮ್ಮ ಇದನ್ನ ಇಷ್ಟು ಜೋರಾಗಿ ಹಚ್ಚಿದ್ದು?"

ಅಡುಗೆಮನೆಯ ಬಾಗಿಲಲ್ಲಿ ಹುಡುಗಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ನಾನೇ ಕಣಪ್ಪ," ಎಂದೆ. "ಕಿವಿ ಮಂದ ಆಗೈತೆ. ಇನ್ನೊಂಚೂರು ಜೋರು ಮಾಡು."

ಹುಡುಗಿ ಏನೂ ತಿಳಿಯದೆ ನನ್ನ ಮುಖ ನೋಡಿದಳು.